ಹಳೆಯ ಜೀಪಿನ ದೋಷಪತ್ತೆ: ಒಂದು ಕಸುಬಿನ ಚರಿತ್ರೆ

ವಾಹನಗಳ ಚರಿತ್ರೆಯನ್ನು ಬರೆದವರು ಅವುಗಳ ಆವಿಷ್ಕಾರ, ಉತ್ಪಾದನೆ ಮತ್ತು ಮಾರಾಟಕ್ಕೆ ಕೊಟ್ಟಷ್ಟು ಜಾಗವನ್ನು ಕೆಟ್ಟು ನಿಂತ ವಾಹನವನ್ನು ಮತ್ತೆ ಓಡಿಸಿದವರ ತಿಳಿವಳಿಕೆಗೆ ಕೊಟ್ಟಿಲ್ಲ. ಕರ್ನಾಟಕದ ಮಲೆನಾಡು ಮತ್ತು ಕೊಡಗಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತೋಟದ ದಾರಿ, ಕಾಡಿನ ದಾರಿ ಮತ್ತು ಮಳೆಗಾಲದ ಕೆಸರಿನಲ್ಲಿ ದುಡಿದ ಜೀಪಿನ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಏಕೆಂದರೆ ಆ ವಾಹನ ಅಷ್ಟು ದೀರ್ಘಕಾಲ ಬಾಳಿದ್ದಕ್ಕೆ ಅದರ ಉಕ್ಕಿನ ಗಟ್ಟಿತನದಷ್ಟೇ ಅದರ ದೋಷವನ್ನು ಹುಡುಕಬಲ್ಲವರ ಕೌಶಲವೂ ಕಾರಣವಾಗಿತ್ತು. ದೋಷಪತ್ತೆಯೆಂದರೆ ಸದ್ದು, ವಾಸನೆ, ಹೊಗೆ, ಅದುರು, ಸೋರಿಕೆ ಮೊದಲಾದ ಲಕ್ಷಣಗಳಿಂದ ಹೊರಟು, ಸಾಧ್ಯವಿರುವ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕುತ್ತ, ಕೊನೆಗೆ ಉಳಿದ ನಿಜವಾದ ಕಾರಣವನ್ನು ಗುರುತಿಸುವ ಕ್ರಮ. ಜೀಪಿನ ಮಟ್ಟಿಗೆ ಈ ಕ್ರಮವು ಎರಡನೆಯ ಮಹಾಯುದ್ಧದ ಸೇನಾ ಕೈಪಿಡಿಗಳಲ್ಲಿ ಲಿಖಿತ ರೂಪ ಪಡೆಯಿತು; ಬಿಡಿಭಾಗಗಳು ಸುಲಭವಾಗಿ ಸಿಗದ ಭಾರತದ ಸಣ್ಣ ಊರುಗಳ ಗ್ಯಾರೇಜುಗಳಲ್ಲಿ ಅದು ಕೈಪಿಡಿ ಬಯಸಿದ್ದಕ್ಕಿಂತಲೂ ಹೆಚ್ಚು ಸೂಕ್ಷ್ಮವಾದ ವಿದ್ಯೆಯಾಗಿ ಬೆಳೆಯಿತು.

ಅಮೆರಿಕದ ಸೇನೆ 1940ರಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಹಗುರವಾದ ಗಸ್ತು ವಾಹನವೊಂದು ಬೇಕೆಂದು ಕೇಳಿದಾಗ, ಅಮೆರಿಕನ್ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕಾರ್ಲ್ ಪ್ರಾಬ್ಸ್ಟ್ ವಿನ್ಯಾಸಗೊಳಿಸಿದ ಮೊದಲ ಮಾದರಿಯನ್ನು ಒಪ್ಪಿಸಿತು. ಆದರೆ ದೊಡ್ಡ ಪ್ರಮಾಣದ ಉತ್ಪಾದನೆಯ ಹೊಣೆ ಟೊಲೀಡೊ ನಗರದ ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್ ಕಂಪನಿಗಳ ಪಾಲಾಗಿ, ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 6,40,000 ಜೀಪುಗಳು ತಯಾರಾಗಿದ್ದವು. ವಿಲ್ಲೀಸ್‌ನ ಮುಖ್ಯ ಎಂಜಿನಿಯರ್ ಡೆಲ್ಮರ್ ರೂಸ್ ಸುಧಾರಿಸಿದ 2.2 ಲೀಟರ್‌ನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ 60 ಅಶ್ವಶಕ್ತಿ ಕೊಡುತ್ತಿತ್ತು. ಆ ಶಕ್ತಿ ಕ್ಲಚ್ ಮತ್ತು ಮೂರು ಗೇರ್‌ಗಳ ಗೇರ್‌ಬಾಕ್ಸ್ ದಾಟಿ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಗೇರ್ ಪೆಟ್ಟಿಗೆಗೆ ಬರುತ್ತಿತ್ತು. ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶ್ಯಾಫ್ಟ್‌ಗಳಿಗೆ, ಅಂದರೆ ಅಚ್ಚುಗಳವರೆಗೆ ತಿರುಗುವಿಕೆಯನ್ನು ಒಯ್ಯುವ ಉದ್ದನೆಯ ದಂಡಗಳಿಗೆ, ಹಂಚುವುದು ಈ ಪೆಟ್ಟಿಗೆಯ ಕೆಲಸ. ಚಾಲಕನ ಕೈಗೆ ಎರಡು ಹೆಚ್ಚುವರಿ ಲಿವರ್‌ಗಳಿದ್ದವು: ಒಂದು ಮುಂದಿನ ಅಚ್ಚನ್ನು ಜೋಡಿಸಲು, ಇನ್ನೊಂದು ಹೈ, ನ್ಯೂಟ್ರಲ್, ಲೋ ಎಂಬ ಮೂರು ಸ್ಥಾನಗಳನ್ನು ಆಯ್ದುಕೊಳ್ಳಲು. ಕಡಿಮೆ ವೇಗದಲ್ಲಿ ಹೆಚ್ಚು ಎಳೆತ ಕೊಡುವ ಲೋ ಸ್ಥಾನವು ಮುಂದಿನ ಅಚ್ಚು ಜೋಡಣೆಗೊಂಡಿದ್ದಾಗ ಮಾತ್ರ ಬೀಳುವಂತೆ ಒಳಗೊಂದು ತಡೆ ಇತ್ತು. ದೋಷಪತ್ತೆಯ ದೃಷ್ಟಿಯಿಂದ ಈ ವಿನ್ಯಾಸದ ಮಹತ್ವವೆಂದರೆ, ಎಂಜಿನ್‌ನಿಂದ ಚಕ್ರದವರೆಗಿನ ಪ್ರತಿಯೊಂದು ಘಟಕವನ್ನೂ ಲಿವರ್‌ನಿಂದಲೋ ನಾಲ್ಕಾರು ಬೋಲ್ಟ್‌ಗಳನ್ನು ಬಿಚ್ಚುವುದರಿಂದಲೋ ಉಳಿದವುಗಳಿಂದ ಬೇರ್ಪಡಿಸಿ ಪರೀಕ್ಷಿಸಬಹುದಾಗಿತ್ತು.

ಸೇನೆ ಈ ಅನುಕೂಲವನ್ನು ಒಂದು ಪದ್ಧತಿಯಾಗಿ ಬೆಳೆಸಿತು. ಅಮೆರಿಕದ ಸೇನೆಯಲ್ಲಿ ವಾಹನಗಳ ಪಾಲನೆ ಐದು ಹಂತಗಳಲ್ಲಿ ನಡೆಯುತ್ತಿತ್ತು: ಮೊದಲ ಹಂತ ಚಾಲಕನದು, ಎರಡನೆಯದು ಅವನ ತುಕಡಿಯ ಮೆಕ್ಯಾನಿಕ್‌ಗಳದು, ಅಲ್ಲಿಂದ ಮುಂದಿನವು ಹಂತಹಂತವಾಗಿ ದೊಡ್ಡ ಕಾರ್ಯಾಗಾರಗಳವು, ಕೊನೆಯ ಹಂತದಲ್ಲಿ ಇಡೀ ವಾಹನವನ್ನು ಬಿಚ್ಚಿ ಮರುಕಟ್ಟಲಾಗುತ್ತಿತ್ತು. 1944ರ ಟಿಎಂ 9-803 ಎಂಬ ಕೈಪಿಡಿ ಮೊದಲ ಎರಡು ಹಂತಗಳವರಿಗಾಗಿ ಸಿದ್ಧವಾಗಿದ್ದು, ಎಂಜಿನ್, ಕ್ಲಚ್, ಇಂಧನ, ವಿದ್ಯುತ್, ಅಚ್ಚು, ಬ್ರೇಕ್, ಸ್ಟಿಯರಿಂಗ್ ಎಂದು ವಾಹನವನ್ನು ವ್ಯವಸ್ಥೆಗಳಾಗಿ ವಿಂಗಡಿಸಿ, ಲಕ್ಷಣ ಮತ್ತು ಕಾರಣಗಳನ್ನು ಜೋಡಿಸಿ ತೋರಿಸುತ್ತಿತ್ತು. ಎಂಜಿನ್ ಮತ್ತು ಗೇರ್‌ಗಳ ಒಳಗಿನ ದುರಸ್ತಿಗೆ ಮೇಲಿನ ಹಂತಗಳವರಿಗೆ ಪ್ರತ್ಯೇಕ ಕೈಪಿಡಿಗಳಿದ್ದವು. ಈ ಏರ್ಪಾಡಿನಲ್ಲಿ ತುಕಡಿಯ ಮೆಕ್ಯಾನಿಕ್ ದೋಷವಿರುವ ಘಟಕ ಯಾವುದೆಂದು ಗುರುತಿಸಿದರೆ ಅವನ ಕೆಲಸ ಬಹುಪಾಲು ಮುಗಿದಂತೆ. ಟ್ರಾನ್ಸ್‌ಫರ್ ಕೇಸ್ ಕೆಟ್ಟಿದೆಯೆಂದು ತಿಳಿದರೆ ಅದನ್ನು ಇಡಿಯಾಗಿ ಇಳಿಸಿ ಇನ್ನೊಂದನ್ನು ಕೂಡಿಸಬಹುದಾಗಿತ್ತು. ಒಳಗಿನ ಯಾವ ಬೇರಿಂಗ್ ಸವೆದಿದೆ ಎಂಬ ಪ್ರಶ್ನೆ ಹಿಂದಿನ ಕಾರ್ಯಾಗಾರಕ್ಕೆ ಸೇರಿದ್ದು. ಹೇರಳವಾದ ಉತ್ಪಾದನೆ ಮತ್ತು ಸರಬರಾಜು ಬೆನ್ನಿಗಿದ್ದಾಗ ಮಾತ್ರ ನಡೆಯಬಲ್ಲ ಪದ್ಧತಿ ಇದು.

ಭಾರತಕ್ಕೆ ಜೀಪು ಬಂದದ್ದು ಯುದ್ಧದ ಜೊತೆಯಲ್ಲೇ. ಅಸ್ಸಾಮಿನ ಲೀಡೊದಿಂದ ಬರ್ಮಾದತ್ತ 1942ರ ಕೊನೆಯಲ್ಲಿ ಆರಂಭವಾದ ರಸ್ತೆ ನಿರ್ಮಾಣದಲ್ಲೂ ಬರ್ಮಾದ ರಣರಂಗದಲ್ಲೂ ಅದು ಓಡಾಡಿತು, ಮತ್ತು 1943ರಲ್ಲಿ ಭಾರತೀಯ ಸೇನೆಯಲ್ಲಿ ವಿದ್ಯುತ್ ಹಾಗೂ ಯಾಂತ್ರಿಕ ಎಂಜಿನಿಯರುಗಳ ಪ್ರತ್ಯೇಕ ದಳ ರೂಪುಗೊಂಡಾಗ ಮೋಟಾರು ದುರಸ್ತಿ ಒಂದು ಸೈನಿಕ ವೃತ್ತಿಯಾಗಿ ನೆಲೆಗೊಂಡಿತು. ಯುದ್ಧಾನಂತರ ಸೇನೆಗೆ ಬೇಡವಾದ ವಾಹನಗಳು ಡಿಸ್ಪೋಸಲ್ ಮಾಲು ಎಂಬ ಹೆಸರಿನಲ್ಲಿ ಹರಾಜಾಗಿ ಖಾಸಗಿಯವರ ಕೈಸೇರಿದವು. ಬಳಸಿದ ವಾಹನವನ್ನು ಕೊಳ್ಳುವ ಮುನ್ನ ಪರೀಕ್ಷಿಸುವುದು ಎಷ್ಟು ಮುಖ್ಯ ಎಂಬುದನ್ನು ಸ್ವತಂತ್ರ ಭಾರತ ಬಹುಬೇಗ ಕಲಿಯಬೇಕಾಯಿತು: ಕಾಶ್ಮೀರದ ಕಾರ್ಯಾಚರಣೆಗಾಗಿ 1948ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್ ಮೂಲಕ 2000 ಮರುದುರಸ್ತಿಯಾದ ಜೀಪುಗಳಿಗೆ ಒಪ್ಪಂದವಾಗಿ, ತಲುಪಿದ 155 ಜೀಪುಗಳು ಬಳಕೆಗೆ ಅಯೋಗ್ಯವೆಂದು ತಿರಸ್ಕೃತವಾದದ್ದು ಸಂಸತ್ತಿನವರೆಗೂ ಹೋದ ವಿವಾದವಾಯಿತು. ಇದೇ ವರ್ಷಗಳಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿತು. ಮುಂದಿನ ದಶಕದಲ್ಲಿ ಬಿಡಿಭಾಗಗಳನ್ನು ಕ್ರಮೇಣ ಇಲ್ಲಿಯೇ ತಯಾರಿಸುತ್ತ ಸಾಗಿತು. ವಿಲ್ಲೀಸ್ 1953ರಲ್ಲಿ ಹೊರತಂದ ಸಿಜೆ-3ಬಿ ಎಂಬ ಮಾದರಿ ಭಾರತದಲ್ಲಿ ದೀರ್ಘಕಾಲ ತಯಾರಾಯಿತು. ಅದರ ಎಂಜಿನ್‌ನಲ್ಲಿ ಗಾಳಿ ಮತ್ತು ಇಂಧನವನ್ನು ಒಳಬಿಡುವ ವಾಲ್ವ್‌ಗಳು ತಲೆಭಾಗಕ್ಕೆ, ಅಂದರೆ ಸಿಲಿಂಡರ್ ಹೆಡ್‌ಗೆ, ಏರಿದ್ದರಿಂದ ಎಂಜಿನ್ ಎತ್ತರವಾಗಿ, ಅದನ್ನು ಮುಚ್ಚುವ ಬಾನೆಟ್ ಕೂಡ ಎತ್ತರವಾಗಿತ್ತು. ಆದರೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಅಚ್ಚುಗಳ ಮೂಲ ರಚನೆ ಯುದ್ಧಕಾಲದ ಜೀಪಿನದೇ ಆಗಿದ್ದರಿಂದ, ಹಳೆಯ ವಾಹನದಲ್ಲಿ ಕಲಿತ ಪಾಠ ಹೊಸದಕ್ಕೂ ಸಲ್ಲುತ್ತಿತ್ತು.

ಪಶ್ಚಿಮ ಘಟ್ಟದ ಜಿಲ್ಲೆಗಳಲ್ಲಿ ಈ ವಾಹನಕ್ಕೆ ಪರ್ಯಾಯವೇ ಇರಲಿಲ್ಲವೆನ್ನಬಹುದು. ಕಾಫಿ ಮತ್ತು ಏಲಕ್ಕಿ ತೋಟಗಳು ಟಾರು ಕಾಣದ ಇಳಿಜಾರುಗಳಲ್ಲಿದ್ದವು; ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತಿತ್ತು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೋಟದಿಂದ ಪೇಟೆಗೆ, ಹಳ್ಳಿಯಿಂದ ಆಸ್ಪತ್ರೆಗೆ ಹೋಗಬೇಕಾದರೆ ಹಳ್ಳಗಳನ್ನು ದಾಟಿಯೇ ಹೋಗಬೇಕಿತ್ತು. ಸೈನ್ಯದಲ್ಲಿ ಸೇವೆ ಸಲ್ಲಿಸುವ ಪರಂಪರೆ ಗಾಢವಾಗಿದ್ದ ಕೊಡಗಿಗೆ ಮಿಲಿಟರಿ ವಾಹನಗಳ ಪರಿಚಯ ಮೊದಲೇ ಇತ್ತು. ಮಡಿಕೇರಿ, ಸೋಮವಾರಪೇಟೆ, ಸಕಲೇಶಪುರ, ಮೂಡಿಗೆರೆ, ಕಳಸ, ಕೊಪ್ಪಗಳಂಥ ಊರುಗಳ ಗ್ಯಾರೇಜುಗಳಿಗೆ ಬರುತ್ತಿದ್ದ ದೋಷಗಳನ್ನು ನಿರ್ಧರಿಸಿದವು ಆ ನೆಲ ಮತ್ತು ಮಳೆಯೇ.

ಅಚ್ಚಿನೊಳಗೆ ನೀರು ಸೇರುವುದು ಇದಕ್ಕೆ ಒಳ್ಳೆಯ ಉದಾಹರಣೆ. ಎರಡು ಬದಿಯ ಚಕ್ರಗಳು ತಿರುವಿನಲ್ಲಿ ಬೇರೆಬೇರೆ ವೇಗದಲ್ಲಿ ತಿರುಗಲು ಅವಕಾಶ ಕೊಡುವ ಡಿಫರೆನ್ಷಿಯಲ್ ಗೇರ್‌ಗಳು ಇರುವ ಉಕ್ಕಿನ ಕವಚವನ್ನು ಗ್ಯಾರೇಜಿನವರು ಹೌಸಿಂಗ್ ಎನ್ನುತ್ತಾರೆ. ದೂರ ಓಡಿ ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದೊಡನೆ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡಲು ಮೇಲಿಟ್ಟಿರುವ ಸಣ್ಣ ಬ್ರೀದರ್ ಕೆಸರಿನಿಂದ ಮುಚ್ಚಿಹೋಗಿದ್ದರೆ, ಹೌಸಿಂಗ್ ಸವೆದ ಆಯಿಲ್ ಸೀಲ್‌ಗಳ ಮೂಲಕ ನೀರನ್ನೇ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಲಿನಂತೆ ಬೆಳ್ಳಗಾದ ಎಣ್ಣೆ ಇದರ ಗುರುತು. ಎಣ್ಣೆಯನ್ನಷ್ಟೇ ಬದಲಿಸಿದವರ ವಾಹನ ಮುಂದಿನ ಮಳೆಯಲ್ಲಿ ಅದೇ ತೊಂದರೆಯಿಂದ ಮರಳಿ ಬರುತ್ತಿದ್ದುದರಿಂದ, ಎಣ್ಣೆ ಕೆಟ್ಟದ್ದು ಲಕ್ಷಣ, ಬ್ರೀದರ್ ಮುಚ್ಚಿದ್ದು ಕಾರಣ ಎಂಬ ವಿವೇಚನೆ ಅನುಭವದಿಂದ ಬೇರೂರಿತು. ಕೈಬ್ರೇಕಿನ ವಿಷಯದಲ್ಲೂ ಹೀಗೆಯೇ: ಹಳೆಯ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಪ್ರೊಪೆಲ್ಲರ್ ಶ್ಯಾಫ್ಟ್ ಹೊರಡುವಲ್ಲಿ ಇತ್ತು. ಏರಿನಲ್ಲಿ ಕೈಬ್ರೇಕು ಹಿಡಿಯದಿದ್ದರೆ ಅನುಭವಿ ಮೆಕ್ಯಾನಿಕ್ ಕೇಬಲ್ ಬಿಗಿಮಾಡುವ ಮೊದಲು ಟ್ರಾನ್ಸ್‌ಫರ್ ಕೇಸಿನ ಸೀಲ್ ಸೋರಿ ಬ್ರೇಕಿನ ಪಟ್ಟಿ ಎಣ್ಣೆಯಲ್ಲಿ ನೆನೆದಿದೆಯೇ ಎಂದು ನೋಡುತ್ತಿದ್ದ.

ದೋಷಪತ್ತೆಯ ನಿಜವಾದ ಪರೀಕ್ಷೆ ನಡೆಯುತ್ತಿದ್ದುದು ಸದ್ದಿನ ವಿಷಯದಲ್ಲಿ. ಬಿಚ್ಚದೆಯೇ ಸದ್ದಿನ ನೆಲೆಯನ್ನು ಹುಡುಕುವ ಕ್ರಮ ಈ ಕಸುಬಿನ ಹೃದಯಭಾಗವಾಗಿತ್ತು. ನಿಂತ ವಾಹನದಲ್ಲಿ ಗೇರ್ ನ್ಯೂಟ್ರಲ್‌ನಲ್ಲಿದ್ದು ಎಂಜಿನ್ ನಡೆಯುವಾಗ ಕೇಳುವ ಸದ್ದು ಕ್ಲಚ್ ಒತ್ತಿದೊಡನೆ ನಿಂತರೆ ದೋಷ ಗೇರ್‌ಬಾಕ್ಸಿನ ಮುಂಭಾಗದ ಬೇರಿಂಗ್ ಅಥವಾ ಕೆಳಗಿನ ಗೇರ್‌ಗಳಲ್ಲಿ. ಒತ್ತಿದಾಗಲೇ ಸದ್ದು ಹುಟ್ಟಿದರೆ ಕ್ಲಚ್ ಬೇರಿಂಗಿನಲ್ಲಿ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು ಗೇರ್ ಹಾಕಿ ಕ್ಲಚ್ ಬಿಟ್ಟರೆ, ವಾಹನ ಕದಲದೆ ಗೇರ್‌ಬಾಕ್ಸಿನ ಮುಖ್ಯ ಶ್ಯಾಫ್ಟ್ ಮತ್ತು ಟ್ರಾನ್ಸ್‌ಫರ್ ಕೇಸಿನ ನಡುವಿನ ಗೇರ್ ಮಾತ್ರ ತಿರುಗುತ್ತವೆ. ಆಗ ಎದ್ದ ಕೊರೆಯುವಂಥ ಸದ್ದು ಆ ನಡುಗೇರಿನ ಸೂಜಿ ಬೇರಿಂಗ್‌ಗಳು ಸವೆದಿರುವುದನ್ನು ಸೂಚಿಸುತ್ತದೆ. ಈ ಭಾಗ ದುರ್ಬಲವೆಂಬುದನ್ನು ತಯಾರಕರೂ ಬಲ್ಲವರಾಗಿದ್ದರು: ಯುದ್ಧಕಾಲದಲ್ಲಿ ಮುಕ್ಕಾಲು ಇಂಚು ದಪ್ಪವಿದ್ದ ನಡುಗೇರಿನ ದಂಡವನ್ನು ಯುದ್ಧಾನಂತರ ಒಂದೂಕಾಲು ಇಂಚಿನವರೆಗೆ ಎರಡು ಹಂತಗಳಲ್ಲಿ ದಪ್ಪಗೊಳಿಸಲಾಯಿತು. ವಾಹನ ಓಡುವಾಗ ಮಾತ್ರ ಸದ್ದು ಬರುತ್ತಿದ್ದರೆ ಶೋಧ ಮುಂದಿನ ಹಂತಕ್ಕೆ ಸಾಗುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಮೊರೆದು ಬಿಟ್ಟಾಗ ಅಡಗುವ, ಅಥವಾ ಇದಕ್ಕೆ ತದ್ವಿರುದ್ಧವಾಗಿ ವರ್ತಿಸುವ ಸದ್ದು ಗ್ಯಾರೇಜಿನ ಭಾಷೆಯಲ್ಲಿ ಕ್ರೌನ್-ಪಿನಿಯನ್ ಎನ್ನಲಾಗುವ, ಶ್ಯಾಫ್ಟಿನ ತಿರುಗುವಿಕೆಯನ್ನು ಅಚ್ಚಿನತ್ತ ಹೊರಳಿಸುವ ಜೋಡಿ ಗೇರಿನ ಅಂತರ ತಪ್ಪಿರುವುದನ್ನು ಹೇಳುತ್ತದೆ. ಹೊರಡುವಾಗಿನ ‘ಟಕ್’ ಶಬ್ದ ಪ್ರೊಪೆಲ್ಲರ್ ಶ್ಯಾಫ್ಟಿನ ತುದಿಯ ಯು-ಜಾಯಿಂಟ್ ಕ್ರಾಸ್ ಸಡಿಲವಾಗಿರುವುದನ್ನು ತೋರುತ್ತದೆ.

ನಾಲ್ಕು ಚಕ್ರಗಳ ಚಾಲನೆಗೆ ವಿಶಿಷ್ಟವಾದ ಗೊಂದಲವೊಂದು ಇಲ್ಲಿ ಎದುರಾಗುತ್ತಿತ್ತು. ಮುಂದಿನ ಚಕ್ರಗಳನ್ನು ಅಚ್ಚಿನಿಂದ ಬಿಡಿಸುವ ಹಬ್‌ಗಳಿಲ್ಲದ ಹಳೆಯ ಜೀಪುಗಳಲ್ಲಿ, ಮುಂದಿನ ಅಚ್ಚಿಗೆ ಶಕ್ತಿ ಹರಿಯದಿದ್ದರೂ ನೆಲದ ಮೇಲೆ ಉರುಳುವ ಚಕ್ರಗಳೇ ಅದರ ಗೇರ್‌ಗಳನ್ನೂ ಶ್ಯಾಫ್ಟನ್ನೂ ತಿರುಗಿಸುತ್ತಿದ್ದವು. ಆದ್ದರಿಂದ ಎರಡು ಚಕ್ರದ ಚಾಲನೆಯಲ್ಲಿ ಕೇಳುವ ಸದ್ದು ಹಿಂದಿನ ಅಚ್ಚಿನದೇ ಎಂದು ತೀರ್ಮಾನಿಸುವಂತಿರಲಿಲ್ಲ. ಮುಂದಿನ ಪ್ರೊಪೆಲ್ಲರ್ ಶ್ಯಾಫ್ಟನ್ನು ಬಿಚ್ಚಿಟ್ಟು ಒಮ್ಮೆ ಓಡಿಸಿ ನೋಡುವುದು ಈ ಸಂದೇಹವನ್ನು ಸ್ವಲ್ಪಮಟ್ಟಿಗೆ ನಿವಾರಿಸುತ್ತಿತ್ತು. ಬಿಚ್ಚುವ ಮುನ್ನ ಶ್ಯಾಫ್ಟಿನ ಎರಡು ಭಾಗಗಳ ಮೇಲೆ ಪಂಚಿನಿಂದ ಗುರುತು ಮಾಡುವ ಶಿಸ್ತೂ ಇತ್ತು, ಏಕೆಂದರೆ ಎರಡು ತುದಿಯ ಜಾಯಿಂಟ್‌ಗಳು ಒಂದೇ ನೇರಕ್ಕೆ ಇರದಂತೆ ಮರುಜೋಡಿಸಿದರೆ ಹೊಸದೊಂದು ಅದುರು ಹುಟ್ಟಿ ಮೂಲ ದೋಷವನ್ನೇ ಮರೆಮಾಡುತ್ತಿತ್ತು. ಫೋರ್‌ವೀಲ್ ಲಿವರ್ ಬಿಗಿದು ಹೊರಬಾರದ ತೊಂದರೆಯೂ ಎಷ್ಟೋ ಸಲ ಗೇರಿನ ದೋಷವಾಗಿರುತ್ತಿರಲಿಲ್ಲ. ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲದಿರುವುದರಿಂದ, ಗಟ್ಟಿ ರಸ್ತೆಯ ತಿರುವುಗಳಲ್ಲಿ ಎರಡೂ ಅಚ್ಚುಗಳು ಕ್ರಮಿಸುವ ದೂರದ ವ್ಯತ್ಯಾಸ ಶ್ಯಾಫ್ಟ್‌ಗಳಲ್ಲಿ ಬಿಗಿತವಾಗಿ ಕೂಡಿಕೊಳ್ಳುತ್ತದೆ. ಮುಂದೊಂದು ಹಿಂದೊಂದು ಬಗೆಯ ಟೈರುಗಳಿದ್ದರೆ ನೇರ ದಾರಿಯಲ್ಲೂ ಹಾಗಾಗುತ್ತದೆ. ಸ್ವಲ್ಪ ದೂರ ರಿವರ್ಸ್ ತೆಗೆದರೆ ಬಿಗಿತ ಸಡಿಲವಾಗಿ ಲಿವರ್ ಬಿಡುತ್ತದೆ ಎಂಬುದನ್ನು ಬಲ್ಲವರು ಟ್ರಾನ್ಸ್‌ಫರ್ ಕೇಸನ್ನು ಇಳಿಸುವ ಗೋಜಿಗೆ ಹೋಗದೆ ಟೈರುಗಳನ್ನು ಅಳೆಯುತ್ತಿದ್ದರು. ಹಾಗೆಯೇ ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಹುಚ್ಚಾಗಿ ಅದುರಾಡುವ ವಾಬ್ಲಿಂಗ್ ದೋಷಕ್ಕೆ, ಚಕ್ರ ತಿರುವಿಗೆ ಹೊರಳುವ ಕಿಂಗ್ ಪಿನ್‌ನ ಬೇರಿಂಗ್, ಟೈ ರಾಡ್ ಎಂಡ್, ಸ್ಪ್ರಿಂಗ್‌ನ ಬುಷ್ ಮತ್ತು ಟೈರಿನ ಗಾಳಿ ಎಲ್ಲವೂ ಶಂಕಿತರಾಗಿದ್ದು, ಜ್ಯಾಕ್ ಏರಿಸಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ಒಂದೊಂದನ್ನೇ ಬಿಡುಗಡೆ ಮಾಡಬೇಕಿತ್ತು.

ಪೆಟ್ರೋಲ್ ಎಂಜಿನ್ನಿನ ದೋಷಪತ್ತೆ ಕಿಡಿ, ಇಂಧನ, ಒತ್ತಡ ಎಂಬ ಮೂರು ಪ್ರಶ್ನೆಗಳ ಮೇಲೆ ನಿಂತಿತ್ತು. ಕಿಡಿಯನ್ನು ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್‌ಗಳ ಅಂತರ 0.020 ಇಂಚು, ಪ್ಲಗ್ಗಿನ ಅಂತರ 0.030 ಇಂಚು, ಕಿಡಿಯ ಸರದಿ 1-3-4-2 ಎಂಬ ಅಂಕಿಗಳು ಯುದ್ಧಕಾಲದ ಕೈಪಿಡಿಯಿಂದ ಗ್ಯಾರೇಜಿನ ಬಾಯಿಪಾಠಕ್ಕೆ ಇಳಿದವು. ಮಳೆಗಾಲದ ಬೆಳಗ್ಗೆ ಎಂಜಿನ್ ಹೊತ್ತಿಕೊಳ್ಳದಿದ್ದರೆ ಮೊದಲು ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ಒರೆಸಿ ಒಣಗಿಸುವುದು, ಬಿಸಿಲಿನಲ್ಲಿ ಘಾಟಿ ಹತ್ತುವಾಗ ನಿಂತರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿದೆಯೇ ಎಂದು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡುವುದು ರೂಢಿಯಾಯಿತು. ಒತ್ತಡವನ್ನು ಅಳೆಯುವ ಗೇಜು ಇಲ್ಲದ ಕಡೆ ಹ್ಯಾಂಡಲ್ ತಿರುಗಿಸಿ ಕೈಗೆ ಎದುರಾಗುವ ಬಿಗಿತದಿಂದಲೇ ಪ್ರತಿ ಸಿಲಿಂಡರಿನ ಸ್ಥಿತಿಯನ್ನು ಅಳೆಯಲಾಗುತ್ತಿತ್ತು. ದುರ್ಬಲವಾದ ಸಿಲಿಂಡರಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟಾಗ ಬಿಗಿತ ಮರಳಿದರೆ ಪಿಸ್ಟನ್ ರಿಂಗ್ ಸವೆದಿದೆ, ಮರಳದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂದರ್ಥ.

ಡೀಸೆಲ್ ಬಂದಾಗ ಈ ಅರಿವಿನ ಒಂದು ಭಾಗ ಹಿಂದೆ ಸರಿದು ಇನ್ನೊಂದು ಭಾಗ ಹೊಸದಾಗಿ ಹುಟ್ಟಿತು. ಮೊದಲು ಟ್ರ್ಯಾಕ್ಟರಿನ ಎಂಜಿನ್, 1980ರ ದಶಕದಿಂದ ಪ್ಯೂಜೊ ಪರವಾನಗಿಯ 2.1 ಲೀಟರ್ ಎಂಜಿನ್ ಹೊತ್ತ ಮಹೀಂದ್ರ ಜೀಪುಗಳು ಬಳಕೆಗೆ ಬಂದಂತೆ, ಕಿಡಿ ಎಂಬ ಪ್ರಶ್ನೆಯೇ ಇಲ್ಲವಾಗಿ ಡೀಸೆಲ್ ಸರಿಯಾದ ಹೊತ್ತಿಗೆ, ಸರಿಯಾದ ಪ್ರಮಾಣದಲ್ಲಿ ಸಿಂಪಡಣೆಯಾಗುತ್ತಿದೆಯೇ ಎಂಬುದು ಮುಖ್ಯವಾಯಿತು. ಪೈಪಿನಲ್ಲಿ ಗಾಳಿ ಸೇರಿದರೆ ಸ್ಕ್ರೂ ಸಡಿಲಿಸಿ ಕೈಪಂಪಿನಿಂದ ಗುಳ್ಳೆ ಹೋಗುವವರೆಗೆ ಏರ್ ತೆಗೆಯುವುದು, ನಡೆಯುವ ಎಂಜಿನ್ನಿನಲ್ಲಿ ಒಂದೊಂದೇ ನಾಝಲ್ ಪೈಪಿನ ನಟ್ ಸಡಿಲಿಸಿ ಯಾವುದನ್ನು ಸಡಿಲಿಸಿದಾಗ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲವೆಂದು ಅರಿಯುವುದು ಹೊಸ ಪಾಠಗಳಾದವು. ಹೊಗೆಯ ಬಣ್ಣವೂ ಸಾಕ್ಷಿಯಾಯಿತು: ಕಪ್ಪು ಹೊಗೆ ಗಾಳಿಯ ಕೊರತೆಯನ್ನೋ ಇಂಧನದ ಅತಿಯನ್ನೋ, ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನು, ಬಿಳಿ ಹೊಗೆ ಉರಿಯದ ಡೀಸೆಲ್ಲನ್ನೋ ಒಳಸೇರಿದ ನೀರನ್ನೋ ಹೇಳುತ್ತಿತ್ತು. ಈ ಘಟ್ಟದಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಜರ್ಮನಿಯ ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳನ್ನು ತಯಾರಿಸಿ, ದೇಶದ ವಾಹನ ದುರಸ್ತಿಗೆ ಅಗತ್ಯವಾದ ಎರಡು ಮುಖ್ಯ ಭಾಗಗಳನ್ನು ಒದಗಿಸಿತು. ಡೀಸೆಲ್ ಪಂಪಿನ ಒಳಗೆ ಮಾತ್ರ ಸಾಮಾನ್ಯ ಮೆಕ್ಯಾನಿಕ್ ಕೈಹಾಕದೆ, ಅದನ್ನು ಅಳತೆಯ ಯಂತ್ರವಿರುವ ಪಂಪ್ ಅಂಗಡಿಗೆ ಕಳುಹಿಸುವ ಶ್ರಮವಿಭಜನೆ ಬೆಳೆಯಿತು.

ಸೇನೆಯ ಪದ್ಧತಿಗೂ ಗ್ಯಾರೇಜಿನ ಪದ್ಧತಿಗೂ ಇರುವ ಮೂಲಭೂತ ವ್ಯತ್ಯಾಸ ಬಿಡಿಭಾಗಗಳ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಕಳಸದ ಅಥವಾ ಸೋಮವಾರಪೇಟೆಯ ಗ್ಯಾರೇಜಿನ ಬೆನ್ನಿಗೆ ಯಾವ ಉಗ್ರಾಣವೂ ಇರಲಿಲ್ಲ. ಇಡೀ ಟ್ರಾನ್ಸ್‌ಫರ್ ಕೇಸನ್ನು ಬದಲಿಸುವ ಮಾತು ಮಾಲೀಕನ ಶಕ್ತಿಗೆ ಮೀರಿದ್ದರಿಂದ, ಒಳಗಿನ ಯಾವ ಬೇರಿಂಗ್, ಯಾವ ವಾಷರ್, ಯಾವ ಬುಷ್ ಸವೆದಿದೆ ಎಂಬುದನ್ನು ನಿಖರವಾಗಿ ಹೇಳಲೇಬೇಕಿತ್ತು. ಹೇಳಿದ ಮೇಲೆ ಅದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಂದಲೋ ಶಿವಾಜಿನಗರದ ಗುಜರಿಯಿಂದಲೋ ತರಿಸಬೇಕಿತ್ತು, ಇಲ್ಲವೇ ಊರಿನ ಲೇತ್ ಅಂಗಡಿಯಲ್ಲಿ ಕಡೆಸಬೇಕಿತ್ತು. ತಪ್ಪು ಭಾಗ ತರಿಸಿದರೆ ಹಣದ ಜೊತೆಗೆ ದಿನಗಳೂ ನಷ್ಟವಾಗುತ್ತಿದ್ದವು, ಕೊಯ್ಲಿನ ಕಾಲದಲ್ಲಿ ಅದು ತೋಟಕ್ಕೆ ಸಣ್ಣ ಹೊರೆಯಾಗಿರಲಿಲ್ಲ. ಹೀಗೆ ಅಮೆರಿಕದ ಸೇನೆ ನಾಲ್ಕನೆಯ, ಐದನೆಯ ಹಂತಗಳಿಗೆ ಮೀಸಲಿಟ್ಟಿದ್ದ ವಿವೇಚನೆ ಇಲ್ಲಿ ರಸ್ತೆ ಬದಿಯ ಒಬ್ಬನೇ ಮೆಕ್ಯಾನಿಕ್‌ನ ದಿನನಿತ್ಯದ ಕೆಲಸವಾಯಿತು. ಇದನ್ನು ಅಭಾವದ ನಡುವಿನ ತೇಪೆ ಕೆಲಸವೆಂದು ಕಡೆಗಣಿಸುವುದು ಚರಿತ್ರೆಗೆ ಮಾಡುವ ಅನ್ಯಾಯ. ಅಭಾವವೇ ದೋಷಪತ್ತೆಯನ್ನು ಆಳಗೊಳಿಸಿತು.

ಈ ವಿದ್ಯೆ ಸಾಗಿದ್ದು ಬಹುಪಾಲು ಬಾಯಿಂದ ಕಿವಿಗೆ, ಕೈಯಿಂದ ಕೈಗೆ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ತರಬೇತಿ ಸಿಗುತ್ತಿತ್ತಾದರೂ, ಗ್ಯಾರೇಜಿನಲ್ಲಿ ಹುಡುಗರು ಮೊದಲು ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ, ತೊಳೆದ ಗೇರಿನ ಹಲ್ಲಿನ ಮೇಲೆ ಸವೆತ ಎಲ್ಲಿ ಬಿದ್ದಿದೆ ಎಂದು ನೋಡುತ್ತ, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಒಳಗಿನ ಸದ್ದನ್ನು ಕೇಳುತ್ತ ಹಿರಿಯ ಮೇಸ್ತ್ರಿಯ ತೀರ್ಮಾನದ ಹಿಂದಿನ ತರ್ಕವನ್ನು ಗ್ರಹಿಸುತ್ತಿದ್ದರು. ಇಂಗ್ಲಿಷ್ ಕೈಪಿಡಿಯನ್ನು ಓದಲಾರದವರೂ ಕೈಪಿಡಿಯ ತಿರುಳನ್ನು ಅರಗಿಸಿಕೊಂಡಿದ್ದು, ಅದರಲ್ಲಿಲ್ಲದ ಮಳೆ, ಕೆಸರು, ಅತಿಭಾರಗಳ ಅನುಭವವನ್ನು ಅದಕ್ಕೆ ಸೇರಿಸಿದ್ದು ಈ ಕಲಿಕೆಯಿಂದಲೇ.

ಇಪ್ಪತ್ತೊಂದನೆಯ ಶತಮಾನದಲ್ಲಿ ಇಂಧನ ಸಿಂಪಡಣೆಯನ್ನು ವಿದ್ಯುನ್ಮಾನ ನಿಯಂತ್ರಣಕ್ಕೆ ಒಳಪಡಿಸಿದ ಎಂಜಿನ್‌ಗಳು ಬಂದು, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮಗಳು ದೇಶದಾದ್ಯಂತ ಜಾರಿಯಾದ ಮೇಲೆ, ದೋಷಪತ್ತೆಯ ಮೊದಲ ಹೆಜ್ಜೆ ಸ್ಕ್ಯಾನರ್ ಜೋಡಿಸಿ ಕೋಡ್ ಓದುವುದಾಗಿದೆ. ಗಾಳಿಯ ಗುಣಮಟ್ಟಕ್ಕೆ ಈ ಬದಲಾವಣೆ ಅಗತ್ಯವಾಗಿತ್ತು, ಮತ್ತು ಸ್ಕ್ಯಾನರ್ ಎಂಜಿನ್ನಿನ ಎಷ್ಟೋ ದೋಷಗಳನ್ನು ಕ್ಷಣದಲ್ಲಿ ತೋರುತ್ತದೆ. ಆದರೆ ಸವೆದ ಕಿಂಗ್ ಪಿನ್, ಮುಚ್ಚಿದ ಬ್ರೀದರ್, ಅಂತರ ತಪ್ಪಿದ ಕ್ರೌನ್-ಪಿನಿಯನ್‌ಗಳಿಗೆ ಕೋಡ್ ಇಲ್ಲ. ಮಾಂದಲಪಟ್ಟಿಗೂ ಹೆಬ್ಬೆ ಜಲಪಾತಕ್ಕೂ ಪ್ರವಾಸಿಗರನ್ನು ಹೊತ್ತು ಏರುವ ಜೀಪುಗಳ ಸುರಕ್ಷತೆ ಇಂದಿಗೂ ಇಂಥ ಭಾಗಗಳನ್ನು ಕೈಯಿಂದ ಅಲುಗಾಡಿಸಿ ನೋಡಬಲ್ಲವರನ್ನು ಅವಲಂಬಿಸಿದೆ. ಹಳೆಯ ತಲೆಮಾರಿನ ಮೆಕ್ಯಾನಿಕ್‌ಗಳು ಕೆಲಸದಿಂದ ಹಿಂದೆ ಸರಿಯುತ್ತಿರುವ ಈ ಕಾಲದಲ್ಲಿ ಅವರ ಅರಿವನ್ನು ಕನ್ನಡದಲ್ಲಿ ದಾಖಲಿಸುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಅದು ಹಳೆಯ ನೆನಪುಗಳ ಸಂಗ್ರಹವಾದರೆ ಸಾಲದು: ಲಕ್ಷಣ, ಪರೀಕ್ಷೆಗಳ ಸರದಿ, ಪ್ರತಿ ಪರೀಕ್ಷೆ ಯಾವ ಕಾರಣವನ್ನು ತಳ್ಳಿಹಾಕುತ್ತದೆ ಎಂಬ ತರ್ಕ, ಗ್ಯಾರೇಜಿನಲ್ಲಿ ಬಳಕೆಯಲ್ಲಿರುವ ಭಾಗಗಳ ಹೆಸರುಗಳು, ಸವೆದ ಭಾಗಗಳ ಚಿತ್ರಗಳು ಇವೆಲ್ಲವೂ ಅದರಲ್ಲಿ ಇರಬೇಕು. ಹಾಗೆ ದಾಖಲಾದ ಜ್ಞಾನ ಐಟಿಐ ವಿದ್ಯಾರ್ಥಿಗೆ ಪಠ್ಯವಾಗಬಲ್ಲದು, ತಂತ್ರಜ್ಞಾನದ ಚರಿತ್ರೆಕಾರನಿಗೆ ಆಕರವಾಗಬಲ್ಲದು. ದುರಸ್ತಿ ಮಾಡಿದವರ ಹೆಸರುಗಳು ಉತ್ಪಾದಿಸಿದವರ ಹೆಸರುಗಳ ಪಕ್ಕದಲ್ಲಿ ನಿಲ್ಲಲು ಆಗ ಮಾತ್ರ ಸಾಧ್ಯವಾಗುತ್ತದೆ.